ಈಯದ ಚೊಂಬಿನ ಸಾರು

ನಮ್ಮತ್ತೆ ಜಯಲಕ್ಷ್ಮೀ ಸಾರು ಮಾಡುವುದು ಈಯದ, ಅಂದರೆ ತವರ ಲೋಹದ, ಚೊಂಬಿನಲ್ಲೇ. ಮದುವೆಯಾಗಿ ಚೆನ್ನೈನ ಮೈಲಾಪೂರಿನ ಈ ಹಳೆಯ ಫ್ಲಾಟಿಗೆ ಬಂದಾಗ ಅವರ ಜೊತೆ ತವರಿನಿಂದ ಎರಡು ಚೊಂಬು ಬಂದಿದ್ದವಂತೆ. ಒಂದನ್ನು ನಾನು ಹೊಸ ಸೊಸೆಯಾಗಿದ್ದಾಗ ಖಾಲಿ ಇಟ್ಟು ಒಲೆ ಹಚ್ಚಿ ಕರಗಿಸಿಬಿಟ್ಟೆ. ಒಳಗೆ ನೀರಿಲ್ಲದಿದ್ದರೆ ಈಯ ಉರಿ ತಾಳುವುದಿಲ್ಲ. ಕೆಮಿಸ್ಟ್ರಿ ಪಾಠ ಮಾಡುವವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನೆಂಟರ ಬಳಗವೆಲ್ಲ ನಕ್ಕಿತು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಉಳಿದ ಚೊಂಬನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಈಗ ನನ್ನ ಏಳು ತಿಂಗಳ ಮಗಳು ಪ್ರಣಮ್ಯಾಗೆ ಅನ್ನಪ್ರಾಶನ. ಪಾಯಸದ ಹಿಂದೆಯೇ ಒಂದು ತುತ್ತು ಸಾರನ್ನ, ಅದೂ ಆ ಚೊಂಬಿನದೇ ಆಗಬೇಕೆಂದು ಅತ್ತೆಯ ಆಸೆ. ನನಗೋ ಹೆದರಿಕೆ. ಈಯಕ್ಕೆ ಸೀಸ ಬೆರೆಸುವುದುಂಟು, ಸೀಸ ಎಳೆಯ ಮಿದುಳಿಗೆ ವಿಷ. ನೀರಿನಲ್ಲಿ ಸೇರಿದ ಲೋಹವನ್ನು ಅಗ್ಗದಲ್ಲಿ ಪತ್ತೆಹಚ್ಚುವುದೇ ಕಾಲೇಜಿನಲ್ಲಿ ನನ್ನ ಕೆಲಸ. ಅದಕ್ಕೆ ನಾನು ಮಾಡಿಕೊಂಡ ಉಪಕರಣ ಇಷ್ಟೇ: ಒಳಗೆಲ್ಲ ಕಪ್ಪು ಬಳಿದ ಒಂದು ಚಪ್ಪಲಿ ಡಬ್ಬಿ, ಅದರಲ್ಲೊಂದು ಪುಟ್ಟ ಬಲ್ಬು, ಮೇಲಿನ ತೂತಿಗೆ ಮೊಬೈಲು. ಔಷಧಿ ಸವರಿದ ಹಳದಿ ಕಾಗದಕ್ಕೆ ಒಂದು ಹನಿ ನೀರು ಬಿಟ್ಟರೆ, ಸೀಸವಿದ್ದಲ್ಲಿ ಅದು ಗುಲಾಬಿಯಾಗುತ್ತದೆ. ಫೋಟೋ ತೆಗೆದರೆ ಸೀಸ ಎಷ್ಟಿದೆಯೆಂದು ಮೊಬೈಲೇ ಲೆಕ್ಕ ಹೇಳುತ್ತದೆ.

ಸಾರಿಗೆ ಅದರದೇ ಬಣ್ಣವಿರುವುದರಿಂದ ಪರೀಕ್ಷೆಗೆ ಅಷ್ಟೇ ಹುಳಿಯಿರುವ ಬರಿಯ ನಿಂಬೆನೀರೇ ಬೇಕು. ಅನ್ನಪ್ರಾಶನದ ಹಿಂದಿನ ದಿನ ಅತ್ತೆಯನ್ನು ಕೇಳಿದೆ. "ಚೊಂಬು ಕೊಡಿ ಅಮ್ಮ, ನಿಂಬೆಹಣ್ಣು ಹಿಂಡಿ ಸ್ವಲ್ಪ ನೀರು ಕಾಯಿಸ್ತೀನಿ."

"ನೀನು ಮುಟ್ಟಬೇಡ. ಮಡೀಲಿ ನಾನೇ ಕಾಯಿಸಿ ಕೊಡ್ತೀನಿ."

ಅವರು ಬಾಟಲಿಯಲ್ಲಿ ತಂದುಕೊಟ್ಟ ನೀರಿಗೆ ಕಾಗದ ಹಳದಿಯಾಗಿಯೇ ಉಳಿಯಿತು. ಸೀಸವಿಲ್ಲ ಎಂದು ಕುಣಿದಾಡುತ್ತ ಹೇಳಿದೆ. ಅವರು "ಶರಿ" ಎಂದಷ್ಟೇ ಹೇಳಿ ದೇವರ ಕೋಣೆಗೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಸಾರು ಕುದಿಯುತ್ತಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. "ಏನಮ್ಮ ಇದು? ನನ್ನ ಪರೀಕ್ಷೆ ಮೇಲೆ ನಂಬಿಕೆ ಇಲ್ವಾ?"

"ಪರೀಕ್ಷೆ ಸರಿಯಾಗೇ ಇದೆ," ಅತ್ತೆ ಒಲೆ ಸಣ್ಣ ಮಾಡಿದರು. "ನಿನ್ನೆ ನಾನು ಕೊಟ್ಟಿದ್ದು ಈ ಪಾತ್ರೆ ನೀರು. ಚೊಂಬು ಕೈತಪ್ಪಿ ಹೋಗತ್ತೇಂತ ಭಯ ಆಯ್ತು. ಬೆಳಿಗ್ಗೆ ಕೂಸು ನನ್ನ ಬೆರಳು ಚೀಪ್ತಾ ನಗ್ತಿತ್ತು. ಆ ಚೊಂಬಲ್ಲಿ ಸಾರು ಮಾಡೋಕೆ ಮನಸ್ಸು ಬರಲಿಲ್ಲ."

ಮಡಿಯಲ್ಲಿದ್ದವರು, ಇನ್ನೂ ಸ್ನಾನವಾಗದ ನನ್ನ ಕೈಗೆ ಆ ಚೊಂಬನ್ನಿಟ್ಟರು. "ಈಗ ನೋಡು."

ನಾನು ಮೊದಲು ನಿಂಬೆನೀರು ಹಾಕಿ, ಆಮೇಲೆ ಒಲೆ ಹಚ್ಚಿದೆ. ಹನಿ ಬಿದ್ದ ಕಾಗದ ಗುಲಾಬಿಯಾಯಿತು. ಫೋಟೋ ತೆಗೆಯುವ ಮೊದಲೇ ಇಬ್ಬರಿಗೂ ಕಂಡಿತು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

"ಅನಿಕೇತನಿಗೂ ಇದರಲ್ಲೇ ಮಾಡಿ ತಿನ್ನಿಸಿದೆನಲ್ಲೇ."

ಅನಿಕೇತ್ ನನ್ನ ಗಂಡ. ಹೊರಗೆ ಹಾಲ್‌ನಲ್ಲಿ ಮಗಳನ್ನು ಎತ್ತಿಕೊಂಡು ಏನೋ ಹಾಡುತ್ತಿದ್ದ. "ನಿಮಗೆ ಗೊತ್ತಿರಲಿಲ್ಲ, ಅಮ್ಮ," ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಇನ್ನೊಂದು ಕರಗಿಸಿದೆಯಲ್ಲ, ಅವತ್ತು ನಿನಗೂ ಗೊತ್ತಿರಲಿಲ್ಲ. ಆ ಮಾತು ನಾನು ಆಗಲೇ ಹೇಳಬೇಕಿತ್ತು."

ಆರು ವರ್ಷ ನಾನು ಆ ಒಂದು ಮಾತಿಗೇ ಕಾದಿದ್ದೆ. ಅಲ್ಲೇ ನಿಂತು ಅತ್ತುಬಿಟ್ಟೆ.

ಅತ್ತೆ ಮತ್ತೆ ಸ್ನಾನ ಮಾಡಿ ಬಂದು ನೈವೇದ್ಯ ಮುಗಿಸಿದರು. ಆಮೇಲೆ ಸಾರಿನ ರುಚಿ ನೋಡಿ ಮುಖ ಹುಳ್ಳಗೆ ಮಾಡಿದರು.

"ಚೊಂಬಿನ ರುಚಿ ಬರಲಿಲ್ಲ, ಅಲ್ವಾ?" ಎಂದೆ.

"ಅದು ನಮಗೆ ಅನ್ಸೋದು," ಎನ್ನುತ್ತ ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಹಿಸುಕಿದರು. "ಇವಳಿಗೆ ಅಜ್ಜಿ ಸಾರು ಅಂದ್ರೆ ಇದೇ."

ಪ್ರಣಮ್ಯಾ ಬಾಯಿ ತೆರೆದಳು.