ವಿವರ ಕಡಿಮೆ ಇದ್ದವಳು

ನಂಟರೆಲ್ಲ ಅವರನ್ನು ಚಿತ್ರಗುಪ್ತ ಎಂದು ಕರೆಯುತ್ತಿದ್ದರು, ಅದೂ ಎದುರಿಗೇ. ನೀರು ಸರಬರಾಜು ಕಚೇರಿಯಲ್ಲಿ ನೆಲದಡಿಯ ಕೊಳವೆಗಳ ನಕ್ಷೆ ಬರೆದು ನಿವೃತ್ತರಾದವರು. ಯಾವ ಕೊಳವೆ ಯಾವುದಕ್ಕೆ ಸೇರುತ್ತದೆಂದು ನೋಡಿ ನೋಡಿ ಅಭ್ಯಾಸವಾದ ಕಣ್ಣು, ಈಗ ಯಾರು ಯಾರಿಗೆ ಸೇರುತ್ತಾರೆಂದು ನೋಡತೊಡಗಿತ್ತು. ಅವರ ವಂಶವೃಕ್ಷದ ಸಾಫ್ಟ್‌ವೇರಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಜನ. ಮುಕ್ಕಾಲು ಪಾಲು ತೀರಿಕೊಂಡವರು, ಹಾಗಾಗಿ ಇವರ ಜೊತೆ ಹೊಂದಿಕೊಂಡಿದ್ದಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದರು.

ದೂರದ ನಂಟರೂ ತಮ್ಮ ತಮ್ಮ ಫೈಲುಗಳನ್ನು ಕಳಿಸುತ್ತಿದ್ದರು. ಅವನ್ನೆಲ್ಲ ಸೇರಿಸಿದರೆ ಒಬ್ಬನೇ ಅಜ್ಜ ಮೂರು ಕಡೆ ತಲೆಯೆತ್ತಿ, ಮೂರು ಸಲ ಮದುವೆಯಾಗಿ, ಮೂರು ಸಲ ಸಾಯುತ್ತಿದ್ದ. ಇಂಥ ಜೋಡಿಗಳನ್ನು ಸಾಫ್ಟ್‌ವೇರೇ ಹುಡುಕಿ ಕೇಳುತ್ತಿತ್ತು: ಇವರಿಬ್ಬರೂ ಒಬ್ಬರೇ ಇರಬಹುದು, ಒಂದುಗೂಡಿಸಲೇ? ಹೂಂ ಅಂದರೆ ವಿವರ ಹೆಚ್ಚಿರುವವರು ಉಳಿಯುತ್ತಿದ್ದರು, ಕಡಿಮೆ ಇರುವವರು ಅವರೊಳಗೆ ಕರಗುತ್ತಿದ್ದರು. ಕರಗಿದವರ ಹೆಸರನ್ನಾದರೂ ಇಟ್ಟುಕೊಳ್ಳಲೇ ಎಂದೂ ಅದು ಮರ್ಯಾದೆಯಿಂದ ಕೇಳುತ್ತಿತ್ತು. ಕಸ ಯಾಕೆ, ಬೇಡ ಎನ್ನುತ್ತಿದ್ದರು ಚಿತ್ರಗುಪ್ತರು.

ಅವರ ತಾಯಿಯ ಕೊನೆಯ ತಂಗಿ, ಚಿಕ್ಕಮ್ಮ, ಮಾತು ಕಡಿಮೆಯ ಹೆಂಗಸು. ಕೆಲವು ವರ್ಷಗಳ ಹಿಂದೆ ಇವರು ಮಾಹಿತಿ ಕೇಳಲು ಹೋದಾಗ, ಅಡುಗೆಮನೆಯಲ್ಲಿ ಕೂತು ಯಾರಿಗೂ ಹೇಳದ್ದನ್ನು ಹೇಳಿದ್ದರು. ಅವರ ಮಗಳು ಹುಟ್ಟಿದ್ದು ಒಬ್ಬಳೇ ಅಲ್ಲ, ಅವಳಿ. ಇನ್ನೊಂದು ಮಗು ಹೆಸರಿಡುವವರೆಗೆ ಇದ್ದು ಹೋಯಿತು. ಆ ಮಾತು ಮತ್ತೆ ಎತ್ತಬೇಡ ಎಂದರು ಗಂಡ, ಎತ್ತಲಿಲ್ಲ. ಮಗಳಿಗೇ ಗೊತ್ತಿಲ್ಲ.

"ನನ್ನ ಬಾಯಿಂದ ಅವಳಿಗೆ ಹೇಳೋಕಾಗಲ್ಲ ಕಣೋ," ಎಂದಿದ್ದರು ಚಿಕ್ಕಮ್ಮ. "ನಿನ್ನ ಪಟದಲ್ಲಿ ಹಾಕು. ಅವಳೇ ನೋಡ್ಲಿ. ನೋಡಿ ಕೇಳಿದ್ರೆ ಹೇಳ್ತೀನಿ."

ಹೆಸರು, ಹುಟ್ಟಿದ ದಿನ ಕೊಟ್ಟರು. ಹೋದ ದಿನ ಹೇಳಲಿಲ್ಲ, ಇವರೂ ಕೆದಕಲಿಲ್ಲ. ಅಲ್ಲೇ ಲ್ಯಾಪ್‌ಟಾಪಿನಲ್ಲಿ ಸೇರಿಸಿ, ಚಿಕ್ಕಮ್ಮನಿಗೆ ತೋರಿಸಿ ಬಂದಿದ್ದರು.

ಈ ವರ್ಷ ಕುಟುಂಬದವರೆಲ್ಲ ಒಂದು ಕಡೆ ಸೇರುವುದೆಂದಾಯಿತು. ಗೋಡೆಯುದ್ದದ ಪಟ ಅಚ್ಚುಹಾಕಿಸುವ ಕೆಲಸ ಇನ್ಯಾರಿಗೆ ಬೀಳಬೇಕು. ಬಾಡಿಗೆ ಸಭಾಂಗಣದ ಗೋಡೆಗೆ ಅದನ್ನು ಅಂಟಿಸಿ, ಒಬ್ಬರೂ ಎರಡೆರಡು ಸಲ ಇಲ್ಲ ನೋಡಿ ಎಂದು ಬಂದವರಿಗೆಲ್ಲ ಹೇಳುತ್ತ ನಿಂತರು. ಜನ ತಮ್ಮ ತಮ್ಮ ಹೆಸರು ಸಿಕ್ಕಿದ ಕೂಡಲೇ ಸಮಾಧಾನಪಟ್ಟು ತಿಂಡಿಯ ಕಡೆ ನಡೆದರು.

ಚಿಕ್ಕಮ್ಮ ಮಗಳ ಕೈ ಹಿಡಿದುಕೊಂಡು ಬಂದರು. ಮಗಳು ಹಲ್ಲಿನ ಡಾಕ್ಟರು; ರಜೆಯ ದಿನ ಯಾಕಮ್ಮ ಎಂದವಳನ್ನು ಅವರೇ ಹಟಮಾಡಿ ಕರೆತಂದಿದ್ದರಂತೆ. ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಪಟದ ಹತ್ತಿರ ಹೋದರು. ಬೆರಳು ಅಕ್ಕಂದಿರ ಸಾಲಿನಲ್ಲಿ ಸರಿಯುತ್ತ ತಮ್ಮ ಹೆಸರಿಗೆ ಬಂತು, ಕೆಳಗೆ ಮಗಳ ಹೆಸರಿಗೆ ಇಳಿಯಿತು, ಪಕ್ಕಕ್ಕೆ ಹೋಯಿತು. ಪಕ್ಕದಲ್ಲಿ ಬಿಳಿ ಕಾಗದ. ಬೆರಳು ಮತ್ತೆ ಮೇಲಿಂದ ಇಳಿದು ಬಂತು.

"ಯಾರನ್ನ ಹುಡುಕ್ತಿದ್ದೀಯಮ್ಮ?"

"ನಿನ್ನನ್ನೇ," ಎಂದರು ಚಿಕ್ಕಮ್ಮ. "ಇದ್ದೀಯಲ್ಲ, ಬಾ."

ಟೀ ಲೋಟ ಹಿಡಿದು ಹಿಂದೆಯೇ ನಿಂತಿದ್ದ ಚಿತ್ರಗುಪ್ತರಿಗೆ ಆಗ ಹೊಳೆಯಿತು. ಒಂದೇ ತಂದೆತಾಯಿ, ಒಂದೇ ಹುಟ್ಟಿದ ದಿನ, ಹೆಸರು ಮಾತ್ರ ಬೇರೆ. ಮನೆಯಲ್ಲೊಂದು ಶಾಲೆಯಲ್ಲೊಂದು ಹೆಸರಿರುವವರು ಈ ವಂಶದಲ್ಲಿ ಬೇಕಾದಷ್ಟು ಜನ. ಯಾವುದೋ ಮಧ್ಯಾಹ್ನ, ಅಂಥ ನೂರಾರು ಜೋಡಿಗಳ ನಡುವೆ, ಇದಕ್ಕೂ ಹೂಂ ಅಂದಿದ್ದರು. ಒಬ್ಬಳಿಗೆ ಓದು, ಮದುವೆ, ಮಕ್ಕಳು, ವಿಳಾಸ. ಇನ್ನೊಬ್ಬಳಿಗೆ ಹೆಸರು ಬಿಟ್ಟರೆ ಏನಿತ್ತು?

ಹಳೆಯ ಬ್ಯಾಕಪ್‌ಗಳನ್ನು ಅವರೇ ಜಾಗ ಸಾಲದೆಂದು ಅಳಿಸಿದ್ದರು. ಹೆಸರು ನೆನಪಿಗೆ ಬರಲಿಲ್ಲ. ಮುತ್ತಜ್ಜನ ಮಲಸೋದರರ ಹೆಸರುಗಳೆಲ್ಲ ಸಾಲಾಗಿ ಬಂದವು.

ಮರುದಿನ ಮಗಳು ಕ್ಲಿನಿಕ್ಕಿಗೆ ಹೋದ ಹೊತ್ತು ನೋಡಿ ಚಿಕ್ಕಮ್ಮನ ಮನೆಗೆ ಹೋದರು. ಅದೇ ಅಡುಗೆಮನೆ. ಒಂದುಗೂಡಿಸುವುದು, ಕರಗುವುದು ಎಲ್ಲ ವಿವರಿಸಿದರು. ತಪ್ಪು ಸಾಫ್ಟ್‌ವೇರಿನದು ಎಂದು ಶುರುಮಾಡಿ, ನನ್ನದು ಎಂದು ಮುಗಿಸಿದರು. ಚಿಕ್ಕಮ್ಮ ಹಾಲು ಉಕ್ಕದಂತೆ ನೋಡುತ್ತ ಕೇಳಿಸಿಕೊಂಡರು.

"ಹೆಸರು ಇನ್ನೊಂದ್ಸಲ ಹೇಳು ಚಿಕ್ಕಮ್ಮ. ಹೊಸ ಪಟ ಮಾಡಿಸ್ತೀನಿ."

"ಆ ಒಂದ್ಸಲ ಹೇಳೋಕೇ ನಂಗೆ ನಲವತ್ತು ವರ್ಷ ಬೇಕಾಯ್ತಪ್ಪ," ಎಂದರು ಚಿಕ್ಕಮ್ಮ. ಲೋಟ ಅವರ ಮುಂದೆ ಸರಿಸಿದರು. "ಕುಡಿ, ಆರಿಹೋಗುತ್ತೆ."

ಮನೆಗೆ ಬಂದು ಹನ್ನೊಂದು ಸಾವಿರಕ್ಕೆ ಒಬ್ಬಳನ್ನು ಸೇರಿಸಿದರು. ಹೆಣ್ಣು ಮಗು, ಇಂಥ ದಿನ ಹುಟ್ಟಿದ್ದು, ಇಂಥವರ ಮಗಳು. ಹೆಸರಿನ ಜಾಗ ಖಾಲಿ.

ಈಗ ಪ್ರತಿ ಸಲ ಫೈಲು ತಪಾಸಣೆ ಮಾಡಿದಾಗ ಸಾಫ್ಟ್‌ವೇರು ಆ ಇಬ್ಬರನ್ನೇ ಮೊದಲು ತಂದು ನಿಲ್ಲಿಸುತ್ತದೆ: ಒಬ್ಬರೇ ಇರಬಹುದು, ಒಂದುಗೂಡಿಸಲೇ? ಬೇಡ ಎಂದು ಒತ್ತುತ್ತಾರೆ. ಕೆಳಗೆ, ಮತ್ತೆ ಕೇಳಬೇಡ ಎಂದು ಹೇಳುವುದಕ್ಕೂ ಒಂದು ಗುಂಡಿ ಇದೆ. ಅದನ್ನು ಮಾತ್ರ ಅವರು ಮುಟ್ಟುವುದಿಲ್ಲ. ಆ ಮಗುವಿನ ವಿಷಯ ಅವರನ್ನು ಕೇಳುವವರು ಬೇರೆ ಯಾರೂ ಇಲ್ಲ.