ಮಂಟಪದ ಕಲ್ಲು

ಮಾಘ ಮಾಸ. ಹೊತ್ತು ಮೂಡಿ ಮಾರುದ್ದ ಏರಿತ್ತು. ಟ್ರಾಕ್ಟರಿನಿಂದ ಕಲ್ಲು ಇಳಿಸಲು ಹುಡುಗರು ಹಾರೆ ಹಾಕುತ್ತಿದ್ದರು. ಚಿತ್ತಮ್ಮ ಗಂಡ ಮುದ್ದಣ್ಣನ ಹೆಣದ ಪಕ್ಕದಿಂದ ಎದ್ದು ಬಂದು ಹಾರೆ ಹಿಡಿದುಕೊಂಡಳು.

"ಯಾವ ಕಲ್ಲಲಾ ಇದು, ಚಿತ್ತೇಶ?"

"ಮಂಟಪದ್ದು ದೊಡ್ಡವ್ವ," ಅಂದ ಮೈದುನನ ಮಗ. "ದೊಡ್ಡಪ್ಪಂಗೆ ಆ ಪಾಳು ಮಂಟಪ ಅಂದ್ರೆ ಪ್ರಾಣ ಅಲ್ವಾ. ಸಮಾಧಿ ಮೇಲೆ ನಿಲ್ಸಾನ ಅಂತ ಆಸೆಯಿಂದ ತಂದೆ."

"ವಾಪಸ್ ಇಟ್ಟು ಬಾ."

"ಮಣ್ಣು ಮುಗಿಸ್ಕಂಡು ಇಡಾನ."

"ಈಗ. ಆ ಕಲ್ಲು ಹೋಗೋಗಂಟ ನಮ್ಮನೆಯವರು ಅಂಗಳ ಬುಟ್ಟು ಏಳಲ್ಲ."

ಹಟ್ಟಿಯ ಯಜಮಾನ ಲಕ್ಷ್ಮಯ್ಯ ಗದರಿದ. "ಗುಂಡಿ ತೋಡಾಯ್ತು, ನೆಂಟ್ರು ಬಂದಾಯ್ತು. ಒಂದು ಮುರುಕು ಕಲ್ಲಿಗೆ ಹೆಣ ಕಾಯಿಸ್ತೀಯೇನವ್ವ?"

"ಕಾಯ್ಲಿ ಬುಡಣ್ಣ. ಕಂಬಕ್ಕೆ ಬಿಸಿಲು ಬರಲಿ ಅಂತ ಕ್ಯಾಮರಾ ಇಟ್ಕಂಡು ಅರ್ಧ ದಿನ ಕಾಯ್ತಿದ್ದೋರು. ಅವರಿಗೇನೂ ಅವಸರ ಇಲ್ಲ."

ಅಳುತ್ತಿದ್ದ ಹೆಂಗಸರಲ್ಲೊಬ್ಬಳು ಸೆರಗಿನೊಳಗೆ ನಕ್ಕಳು.

*

ಮುದ್ದಣ್ಣನಿಗೆ ಹುಳಿಯಾರಿನಲ್ಲಿ ಪುಟ್ಟ ಸ್ಟುಡಿಯೊ ಇತ್ತು. ಮದುವೆಗೆ ಬಣ್ಣದ ರೀಲು. ಬೋರನಕಣಿವೆ ದಾರಿಯ ಪಾಳು ಮಂಟಪಕ್ಕೆ ಮಾತ್ರ ಕಪ್ಪುಬಿಳುಪು. ಯಾಕೆ ಹಿಂಗೆ ಅಂದರೆ, "ಬಣ್ಣದಲ್ಲಿ ತೆಗೆದ್ರೆ ತೆಂಗಿನ ಹಸ್ರೇ ಕಣ್ಣಿಗೆ ಬೀಳ್ತದೆ. ಕಲ್ಲನ್ನ ಯಾರೂ ನೋಡಲ್ಲ ಕಣಪ್ಪ" ಅನ್ನುತ್ತಿದ್ದ.

ಒಂದು ಸಲ ಲಕ್ಷ್ಮಯ್ಯ ತನ್ನ ಹೊಸ ಮನೆಯ ಪಾಯಕ್ಕೆಂದು ಅಲ್ಲಿಯ ಕಂಬವೊಂದನ್ನು ಗಾಡಿಗೆ ಹೇರಿದ್ದ. ಮುದ್ದಣ್ಣ ಕ್ಯಾಮರಾ ಹಿಡಿದು ಎತ್ತುಗಳ ಮುಂದೆ ನಿಂತ.

"ದಾರಿ ಬುಡಲಾ."

"ಹೊಡ್ಕಂಡೋಗು. ಅದ್ಕೂ ಮುಂಚೆ ಒಂದ್ಸಲ ಹಿಂಗೆ ತಿರುಗು. ಕಲ್ಲಿನ ಜತೆ ನಿನ್ನ ಮಖಾನೂ ಬೀಳ್ಲಿ. ಸ್ಟುಡಿಯೊ ಬಾಗಿಲಿಗೇ ಹಾಕ್ತೀನಿ, ಸಂತೆ ಜನ ನೋಡ್ಲಿ."

ಲಕ್ಷ್ಮಯ್ಯ ಬೈದ, ಚಾಟಿ ಎತ್ತಿದ. ಮುದ್ದಣ್ಣ ಕ್ಯಾಮರಾದಿಂದ ಕಣ್ಣು ತೆಗೆಯಲಿಲ್ಲ. ದನ ಮನೆಗೆ ತಿರುಗುವ ಹೊತ್ತಿಗೆ ಕಂಬ ನೆಲಕ್ಕಿಳಿಯಿತು.

*

"ಅವತ್ತು ಕಂಬ ಇಳಿಸಿದೋನು ನೀನೇ ಅಲ್ವಾ, ಲಕ್ಷ್ಮಯ್ಯಣ್ಣ?" ಅಂದಳು ಚಿತ್ತಮ್ಮ. "ಬದುಕಿರೋಗಂಟ ಒಂದು ಕಲ್ಲು ಎತ್ತಕ್ಕೆ ಬುಡದೋರ ತಲೆ ಮೇಲೆ, ಈಗ ಕಿತ್ತು ತಂದ ಕಲ್ಲು ಇಡ್ತೀರಾ?"

ಲಕ್ಷ್ಮಯ್ಯ ಸತ್ತವನ ಮುಖದ ಕಡೆ ತಿರುಗಿದ.

"ಹೋಗ್ತಾ ಹೋಗ್ತಾನೂ ಗೆದ್ದ ನನ್ಮಗ. ತಿರುಗ್ಸಲಾ ಟ್ರಾಕ್ಟರ್ನ."

ಎಂಜಿನ್ ಗುಡುಗಿದ್ದೇ, ಬೀದಿಯಲ್ಲಿ ಕಾದಿದ್ದ ತಮಟೆಯವರು ಹೆಣ ಎತ್ತಿದರೆಂದುಕೊಂಡು ಬಡಿಯತೊಡಗಿದರು. ಯಾರೋ ತಡೆಯಲು ಓಡಿದರು.

"ಬುಡಿ, ಬಡೀಲಿ," ಅಂದಳು ಚಿತ್ತಮ್ಮ. "ಇನ್ನೂ ಜೋರಾಗಿ ಬಡೀರಪ್ಪ."

ಆ ಬುಧವಾರ ತಮಟೆಯ ಹಿಂದೆ ಹಟ್ಟಿಯಿಂದ ಮೊದಲು ಹೊರಟದ್ದು ಕಲ್ಲು. ಅದರ ಹಿಂದೆ, ನಾಲ್ವರ ಹೆಗಲ ಮೇಲೆ, ಮುದ್ದಣ್ಣ.