ಕ್ಲಾಪ್ ಬೀಳುವ ತನಕ

ನಾನು ಒಂದು ಕ್ಲಾಪ್ ಬೋರ್ಡ್. ಸಿನಿಮಾ ಶೂಟಿಂಗಿನಲ್ಲಿ ಪ್ರತಿ ಶಾಟ್‌ಗೂ ಕ್ಯಾಮೆರಾದ ಮುಂದೆ ಹಿಡಿದು ‘ಟಕ್’ ಅಂತ ಹೊಡೆಯುತ್ತಾರಲ್ಲ, ಆ ಕಪ್ಪು ಹಲಗೆ. ಮೈಮೇಲೆ ಸೀಮೆಸುಣ್ಣದಲ್ಲಿ ಬರೆದ ದೃಶ್ಯದ ನಂಬರು, ತಲೆಯ ಮೇಲೆ ಬಿಳಿ ಪಟ್ಟೆ ಬಳಿದ ಒಂದು ದವಡೆ. ಇಷ್ಟೇ ನನ್ನ ರೂಪ.

ಹುಟ್ಟಿದ್ದು ಒಂದು ಸುಳ್ಳು ಅರಮನೆಯ ಬಾಗಿಲಿನಿಂದ. ಮೈಸೂರಿನ ಸ್ಟುಡಿಯೊ ಒಂದರಲ್ಲಿ ರಾಜರ ಕಥೆಯ ಸೆಟ್ ಬಿಚ್ಚಿದಾಗ ಬಡಗಿ ಖಾದರ್ ಸಾಬರು ಆ ಬಾಗಿಲಿನ ತುಂಡೊಂದನ್ನು ಎತ್ತಿಟ್ಟುಕೊಂಡು, ಕೊಯ್ದು, ಉಜ್ಜಿ ನನ್ನನ್ನು ಮಾಡಿದರು. ಆ ಬಾಗಿಲಿನ ಹಿಂದೆ ಮನೆಯೇ ಇರಲಿಲ್ಲವಂತೆ. ನನ್ನ ಕೀಲು ಬಲು ಬಿಗಿಯಾಗಿತ್ತು. ಸಾಬರು ಎರಡು ಸಲ ಹೊಡೆದು ನೋಡಿ, “ಇವ್ನು ಕಚ್ತಾನೆ, ಹುಷಾರು” ಅಂತ ಹೇಳಿ ನನ್ನನ್ನು ಒಬ್ಬ ಸಣಕಲು ಯುವಕನ ಕೈಗೆ ಕೊಟ್ಟರು.

ಅವನೇ ಚೆಲುವರಾಜು. ಸೋಸಲೆ ಕಡೆಯವನು, ಆಗಷ್ಟೇ ಸಹಾಯಕ ನಿರ್ದೇಶಕನಾಗಿ ಸೇರಿದ್ದ. ಮುಹೂರ್ತದ ದಿನ ನನಗೆ ಅರಿಶಿನ ಕುಂಕುಮ ಇಟ್ಟರು, ತೆಂಗಿನಕಾಯಿ ಒಡೆದರು, ಅವನು ನನ್ನನ್ನು ಹೊಡೆದ. ನಾನು ಅವನ ಹೆಬ್ಬೆರಳನ್ನು ಕಚ್ಚಿಬಿಟ್ಟೆ. ರಕ್ತ ಬಂದರೂ ಅವನು ಉಸಿರೆತ್ತಲಿಲ್ಲ, ಶಾಟ್ ಮುಗಿಯುವವರೆಗೂ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತ. ಆ ಸಿನಿಮಾ ನೂರು ದಿನ ಓಡಿತು. ಸಿನಿಮಾದವರಿಗೆ ಅಷ್ಟು ಸಾಕು, ಚೆಲುವರಾಜುವಿನ ಕೈಗುಣ ಚೆನ್ನಾಗಿದೆ ಅಂತ ಹೆಸರಾಯಿತು. ಮುಂದೆ ಅವನೇ ನಿರ್ದೇಶಕನಾದ ಮೇಲೂ ಕ್ಲಾಪ್ ಹೊಡೆಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಎಲ್ಲರೂ ಅವನನ್ನು ಸಾರ್ ಅನ್ನುತ್ತಿದ್ದರು. ನಾನು ಮಾತ್ರ ಏಕವಚನ ಬಿಡಲಿಲ್ಲ. ಅವನ ರಕ್ತದ ರುಚಿ ನೋಡಿದವನು ನಾನು.

ಅವನು ಬರೆದದ್ದೆಲ್ಲ ಹಾಸ್ಯದ ಚಿತ್ರಗಳು. ನನ್ನನ್ನೇ ತೊಡೆಯ ಮೇಲಿಟ್ಟು, ನನ್ನ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದ. ಪೆನ್ನು ಒತ್ತಿ ಬರೆಯುವ ಅಭ್ಯಾಸ, ಅಕ್ಷರಗಳು ನನ್ನ ಬೆನ್ನಿಗೆ ನಾಟುತ್ತಿದ್ದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕ ದೃಶ್ಯಗಳನ್ನು ಅವನು ಹಲ್ಲುನೋವು ಬಂದವನಂತೆ ಮುಖ ಮಾಡಿಕೊಂಡು ಬರೆದ. ಒಮ್ಮೆಯೂ ನಗಲಿಲ್ಲ. ಎಲ್ಲಿ ಎಷ್ಟು ಹೊತ್ತು ನಗು ಬರುತ್ತದೆ ಅನ್ನುವುದನ್ನು ಹಾಳೆಯ ಅಂಚಿನಲ್ಲಿ ಸೆಕೆಂಡಿನ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ನನಗೆ ಅದು ಆಗಲೇ ಸರಿ ಕಂಡಿರಲಿಲ್ಲ.

ಅವನ ಚಿತ್ರಗಳ ಜೀವವೆಂದರೆ ಕೊಟ್ರಪ್ಪ. ಕೊಟ್ಟೂರಿನವನು, ನಾಟಕ ಕಂಪನಿಯಲ್ಲಿ ಹಾಸ್ಯಗಾರನಾಗಿದ್ದವನು. ಬೀಳುವುದು ಅವನ ವಿದ್ಯೆ. ಮೆಟ್ಟಿಲಿನಿಂದ, ಸೈಕಲ್ಲಿನಿಂದ, ಕುಳಿತ ಕುರ್ಚಿಯಿಂದ, ಎಲ್ಲಿಂದ ಬೇಕಾದರೂ ಹೂವಿನ ಹಾಗೆ ಬೀಳುತ್ತಿದ್ದ. ಆದರೆ ನನ್ನ ಟಕ್ ಶಬ್ದ ಕೇಳಿದರೆ ಅವನಿಗೆ ಮಾತೇ ಮರೆತುಹೋಗುತ್ತಿತ್ತು. ಅದಕ್ಕಾಗಿ ಅವನ ಶಾಟ್‌ಗಳಿಗೆ ಕ್ಲಾಪನ್ನು ಮೊದಲು ಹೊಡೆಯುತ್ತಿರಲಿಲ್ಲ. ಶಾಟ್ ಮುಗಿದ ಮೇಲೆ ನನ್ನನ್ನು ತಲೆಕೆಳಗಾಗಿ ಹಿಡಿದು ಹೊಡೆಯುತ್ತಿದ್ದರು. ಆ ಪದ್ಧತಿ ಸಿನಿಮಾದಲ್ಲಿ ಉಂಟು.

ಒಮ್ಮೆ ಕೊಟ್ರಪ್ಪ ಬಿದ್ದವನು ಕ್ಲಾಪ್ ಬೀಳುವ ಮೊದಲೇ ನಗುತ್ತ ಎದ್ದುಬಿಟ್ಟ. ಒಳ್ಳೆಯ ಟೇಕ್ ಹಾಳಾಯಿತು. ಚೆಲುವರಾಜು ಎಲ್ಲರೆದುರಿಗೆ ರೇಗಿದ.

“ಬಿದ್ಮೇಲೆ ಕ್ಲಾಪ್ ಕೇಳ್ಸೋ ತನಕ ಏಳ್ಬೇಡ ಅಂದಿಲ್ವೇನಯ್ಯ? ಏನೇ ಆದ್ರೂ ಏಳ್ಬೇಡ.”

ಕೊಟ್ರಪ್ಪ ಕೈಮುಗಿದು, “ತಪ್ಪಾತ್ರಿ ಸರ. ಇನ್ನ ಬೆಂಕಿ ಬಿದ್ರೂ ಏಳಂಗಿಲ್ಲ” ಅಂದ. ಎಲ್ಲರೂ ನಕ್ಕರು.

ಮಾತಿಗೆ ತಪ್ಪಲಿಲ್ಲ ಅವನು. ಹನ್ನೊಂದು ಸಿನಿಮಾಗಳಲ್ಲಿ ಬಿದ್ದ ಕಡೆಯೇ ಕದಲದೆ ಮಲಗಿರುತ್ತಿದ್ದ. ಟಕ್ ಅಂದ ಮೇಲೆ ಮೊದಲು ಎಡಗಣ್ಣು ತೆರೆದು ನನ್ನ ಕಡೆ ನೋಡುತ್ತಿದ್ದ. ನನಗೆ ಆ ನೋಟವೆಂದರೆ ಬಹಳ ಇಷ್ಟ. ಅಷ್ಟು ದೊಡ್ಡ ಸೆಟ್ಟಿನಲ್ಲಿ ಹಲಗೆಯ ಮುಖ ನೋಡುವವನು ಅವನೊಬ್ಬನೇ.

ಹನ್ನೆರಡನೆಯ ಚಿತ್ರದಲ್ಲಿ ಮದುವೆ ಮನೆಯ ದೃಶ್ಯ. ಹುಡುಗಿಯ ಸೋದರಮಾವ ಲಾಡಿನ ಬುಟ್ಟಿ ಹೊತ್ತು ಮೆಟ್ಟಿಲಿಳಿಯುತ್ತ ಕೊನೆಯ ಮೆಟ್ಟಿಲಿನಲ್ಲಿ ಜಾರಬೇಕು. ಆ ಪಾತ್ರ ಕೊಟ್ರಪ್ಪನದು. ಬೆಳಿಗ್ಗೆಯಿಂದ ಅವನು ಎಡಭುಜ ನೀವಿಕೊಳ್ಳುತ್ತಿದ್ದ. ಬಣ್ಣ ಹಚ್ಚಿದ ಮುಖದಲ್ಲೂ ಬೆವರು ಕಾಣುತ್ತಿತ್ತು.

“ಸರ, ಇದೊಂದು ನಾಳೆ ಬೀಳ್ಲೇನ್ರಿ? ಇವತ್ತ್ಯಾಕೋ ಮೈ ಏಳವಲ್ದು.”

“ನಾಳೆ ಸೆಟ್ ಬಿಚ್ತಾರೆ ಕೊಟ್ರಪ್ಪ. ಒಂದೇ ಟೇಕು, ಆಮೇಲೆ ಹೋಗಿ ಮಲ್ಕೊ.”

ಕೊಟ್ರಪ್ಪ ಬುಟ್ಟಿ ಹೊತ್ತು ಇಳಿದ. ಕೊನೆಯ ಮೆಟ್ಟಿಲಿಗೆ ಬರಲೇ ಇಲ್ಲ, ನಡುವಿನಲ್ಲೇ ಬಿದ್ದ. ಲಾಡುಗಳು ಉರುಳಿದವು. ಅವನು ಅಂಗಾತ ಬಿದ್ದು, ಬಾಯಿ ತೆರೆದು ಮುಚ್ಚಿ, ಬಲಗೈ ಬೆರಳುಗಳಿಂದ ನೆಲವನ್ನು ಕೆರೆಯತೊಡಗಿದ. ಇದಾವುದೂ ಹಾಳೆಯಲ್ಲಿ ಬರೆದದ್ದಲ್ಲ, ನನ್ನ ಬೆನ್ನಿಗೆ ಗೊತ್ತು. ಲೈಟಿನವರು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ಕ್ಯಾಮೆರಾದವನ ಭುಜ ನಗುವಿಗೆ ಕುಣಿಯುತ್ತಿತ್ತು. ಚೆಲುವರಾಜು ನನ್ನನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ. “ಇನ್ನೊಂಚೂರು” ಅಂತ ಪಿಸುಗುಟ್ಟಿದ. ಬೆರಳುಗಳು ಇನ್ನೂ ಆಡುತ್ತಿದ್ದವು. “ಇನ್ನೊಂಚೂರು” ಅಂದ. ಹೊಡೆಯೋ, ಹೊಡೆಯೋ ಅಂತ ನಾನು ಒಳಗೇ ಒದ್ದಾಡಿದೆ. ಹಲಗೆಯ ಕೂಗು ಯಾರಿಗೆ ಕೇಳಬೇಕು? ಬೆರಳು ನಿಂತವು. ಚೆಲುವರಾಜು ಎಲ್ಲರ ನಗು ಇಳಿಯುವವರೆಗೂ ಕಾದು, ಅವನು ಬಿದ್ದ ಎರಡು ನಿಮಿಷದ ಮೇಲೆ ಹೊಡೆದ.

ಟಕ್.

ಕೊಟ್ರಪ್ಪನ ಎಡಗಣ್ಣು ತೆರೆಯಲಿಲ್ಲ.

“ಸೂಪರ್ ಕಣಯ್ಯ, ಏಳು, ಸಾಕು” ಅಂತ ಚೆಲುವರಾಜು ಮೂರು ಸಲ ಕರೆದ. ಆಮೇಲೆ ನನ್ನನ್ನು ಬಿಸಾಡಿ ಓಡಿದ. ನಾನು ಲಾಡುಗಳ ನಡುವೆ ಬಿದ್ದುಕೊಂಡು ಎಲ್ಲರೂ ಕೊಟ್ರಪ್ಪನನ್ನು ಕಾರಿಗೆ ಹೊತ್ತೊಯ್ಯುವುದನ್ನು ನೋಡಿದೆ. ಬಿದ್ದ ತಕ್ಷಣ ಎತ್ತಿದ್ದರೆ ಏನಾದರೂ ಮಾಡಬಹುದಿತ್ತು ಅಂದರಂತೆ ಡಾಕ್ಟರು.

ಊರಿನಿಂದ ಬಂದ ಕೊಟ್ರಪ್ಪನ ಹೆಂಡತಿ ಹಂಪಮ್ಮನಿಗೆ ಚೆಲುವರಾಜು ಹೇಳಿದ್ದು ಬೇರೆ. “ಬಿದ್ದ ತಕ್ಷಣ ಹೋಗ್ಬಿಟ್ರಮ್ಮ. ನೋವೇ ಆಗ್ಲಿಲ್ಲ.”

ನಿರ್ಮಾಪಕರು ಆ ಶಾಟ್ ಇರಲೇಬೇಕು, ಅದು ಕೊಟ್ರಪ್ಪನಿಗೆ ಸಲ್ಲಿಸುವ ಗೌರವ ಅಂದರು. ಚೆಲುವರಾಜು ಎರಡು ದಿನ ಒಪ್ಪಲಿಲ್ಲ, ಮೂರನೆಯ ದಿನ ಒಪ್ಪಿದ. ಇದನ್ನು ಮಾತ್ರ ನಾನು ಅವನಿಗೆ ಮಾಫಿ ಮಾಡಲಾರೆ. ಟಾಕೀಸುಗಳಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅದೇ ಶಾಟ್‌ಗೆ.

ಸಿನಿಮಾ ಬಂದ ಮೂರನೆಯ ವಾರ ಹಂಪಮ್ಮ ಅವನ ಮನೆಗೆ ಬಂದಳು. ನಾನು ಮೇಜಿನ ಮೇಲಿದ್ದೆ. ಕೂರಲಿಲ್ಲ ಅವಳು.

“ಸಿನಿಮಾ ನೋಡಿದ್ನಿ ಸರ. ಬಿದ್ದಕೂಡ್ಲೆ ಹೋದ್ರು ಅಂದಿದ್ರಿ. ಅದ್ರಾಗ ಅವ್ರ ಕೈಬಳ್ಳು ಆಡತಿದ್ವು.”

ಚೆಲುವರಾಜು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದ.

“ಮನ್ಯಾಗ ಬೀಳೋದು ಕಲಿಯೋವಾಗ ನೆಲದ ಮ್ಯಾಲ ಮಲಗಿರೋರು. ನಾ ಸೌಟಿನಾಗ ತಾಟು ಬಾರಿಸಿದ್ರ ಏಳೋರು, ಇಲ್ಲಂದ್ರ ಇಲ್ಲ. ನಿಮ್ಮ ಮಾತಂದ್ರ ಅವ್ರಿಗೆ ಅಷ್ಟು.” ಅವಳು ನನ್ನ ಕಡೆ ನೋಡಿದಳು. “ಇದನ್ನ ಯಾವಾಗ ಹೊಡದ್ರಿ ಸರ?”

“ತಡ ಆಯ್ತಮ್ಮ.”

“ಯಾಕ?”

“ಎಲ್ಲಾರೂ ನಗ್ತಿದ್ರು.”

ಹಂಪಮ್ಮ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸಿತು.

ಆಮೇಲೆ ಅವನು ಎರಡು ಚಿತ್ರ ಮಾಡಿದ. ನಟ ಯಾರೇ ಬೀಳಲಿ, ಬಿದ್ದ ಮರುಗಳಿಗೆ ಟಕ್ ಅಂತ ಹೊಡೆದು, ಓಡಿಹೋಗಿ ಎತ್ತಿ ಕೂರಿಸುತ್ತಿದ್ದ. ಯಾವ ಶಾಟೂ ನಗು ಬರುವಷ್ಟು ಹೊತ್ತು ಉಳಿಯಲಿಲ್ಲ. ಚಿತ್ರಗಳು ಬಿದ್ದುಹೋದವು, ಜನ ಕರೆಯುವುದನ್ನು ಬಿಟ್ಟರು. ಮೂವತ್ತು ವರ್ಷ ನಾನು ಅವನ ಬೀರುವಿನೊಳಗೆ ಇದ್ದೆ. ನನ್ನ ಮೇಲೆ ಆ ದಿನ ಬರೆದ ‘ದೃಶ್ಯ ೩೧, ಟೇಕ್ ೧’ ಹಾಗೇ ಇತ್ತು. ಆ ಎರಡು ಚಿತ್ರಗಳ ದೃಶ್ಯದ ನಂಬರುಗಳನ್ನೂ ನನ್ನ ಬೆನ್ನಿನ ಮೇಲೆಯೇ ಬರೆದಿದ್ದ, ಮುಖ ಒರೆಸಿರಲಿಲ್ಲ. ಒಮ್ಮೆ ಟಿ.ವಿ.ಯವರು ಬಂದು, ಕ್ಲಾಪ್ ಹಿಡ್ಕೊಂಡು ನಗಿ ಸಾರ್ ಅಂದಾಗ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ನನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದ. ಹಂಪಮ್ಮ ಮುದುಕಿಯಾಗಿದ್ದಳು. ಗುರುತು ಹಿಡಿದಳು, ಚಾಪೆ ಹಾಸಿದಳು. ಗೋಡೆಯ ಮೇಲೆ ಕೊಟ್ರಪ್ಪನ ಪಟವಿತ್ತು, ಯಾವುದೋ ನಾಟಕದ ವೇಷ, ನಗುಮುಖ.

“ಇದು ನನ್ನತ್ರ ಇರ್ಬಾರ್ದಮ್ಮ” ಅಂತ ಚೆಲುವರಾಜು ನನ್ನನ್ನು ಅವಳ ಮುಂದಿಟ್ಟ.

ಹಂಪಮ್ಮ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೇಗೆ ಹಿಡಿಯಬೇಕೆಂದು ಕೇಳಲಿಲ್ಲ, ಗಂಡ ಹೇಳಿದ್ದಿರಬೇಕು. ಸೀಮೆಸುಣ್ಣದ ಅಕ್ಷರ ಓದಿದಳು. ಎದ್ದು ಪಟದ ಮುಂದೆ ನಿಂತು ನನ್ನನ್ನು ತಲೆಕೆಳಗು ಮಾಡಿದಳು. ನನ್ನ ಕೀಲು ತುಕ್ಕು ಹಿಡಿದಿತ್ತು. ನಾನು ಇದ್ದಬದ್ದ ಶಕ್ತಿಯೆಲ್ಲ ಸೇರಿಸಿದೆ.

ಟಕ್.

“ಏಳ್ರಿ” ಅಂದಳು ಹಂಪಮ್ಮ. “ಕ್ಲಾಪ್ ಬಿತ್ತು. ಸಾಕಿನ್ನ, ಏಳ್ರಿ.”

ಚೆಲುವರಾಜು ಚಾಪೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಚಹಾ ಕೊಟ್ಟಳು, ಬಸ್ಸಿನ ಹೊತ್ತು ಹೇಳಿದಳು. ಅವನು ಹೋದ. ಆ ವರ್ಷವೇ ತೀರಿಕೊಂಡನಂತೆ.

ನಾನು ಈಗ ಪಟದ ಕೆಳಗಿನ ಗೂಡಿನಲ್ಲಿ, ಎಣ್ಣೆಯ ಕುಡಿಕೆಯ ಪಕ್ಕದಲ್ಲಿದ್ದೇನೆ. ಸಾವಿರಾರು ಸಲ ಹೊಡೆಸಿಕೊಂಡಿದ್ದೇನೆ, ಒಂದು ಸಲ ತಡವಾಯಿತು. ತಪ್ಪು ಕೈಯದು, ನನ್ನದಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಹಂಪಮ್ಮ ದೀಪ ಹಚ್ಚುವಾಗೆಲ್ಲ ನಾನು ಪಟದ ಎಡಗಣ್ಣನ್ನೇ ನೋಡುತ್ತಿರುತ್ತೇನೆ.